ಟಕಟಕಮ್ಮನಿಗೆ ಲೈನ್ ಸಿಕ್ಕಿದ್ದು

ಆ ಬೀದಿಗೆ ಹೊಸದಾಗಿ ಬಂದವರೆಲ್ಲ ಟಕಟಕಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿಯುತ್ತಾರೆ. ಇದನ್ನು ಬರೆಯುತ್ತಿರುವವನೂ ಹಾಗೇ ತಿಳಿದು, ಮೊದಲ ಭೇಟಿಯಲ್ಲೇ ಆಕೆಯ ಕಿವಿಯ ಹತ್ತಿರ ಬಾಯಿ ಒಯ್ದು, ಅಕ್ಕಪಕ್ಕದ ಮನೆಗೆಲ್ಲ ಕೇಳುವ ಹಾಗೆ ತನ್ನ ಪರಿಚಯ ಹೇಳಿಕೊಂಡದ್ದುಂಟು. ಆಕೆ ಒಂದು ಹೆಜ್ಜೆ ಹಿಂದೆ ಸರಿದು, "ಮಧ್ಯಾಹ್ನ ಈರುಳ್ಳಿ ಜಾಸ್ತಿಯಾಯ್ತೇನೋ" ಎಂದಿದ್ದಳು, ಅಷ್ಟೇ.

ಹಾಗೆ ತಿಳಿಯಲು ಕಾರಣವಿತ್ತು. ಅವಳು ಮನೆಯಲ್ಲಿದ್ದಷ್ಟು ಹೊತ್ತೂ ಕೆಳಮನೆಯಿಂದ ಅವಳ ಅಣ್ಣ ಕೂಗುತ್ತಿದ್ದರು. ನೀರಿನ ಮೋಟಾರು ನಿಲ್ಲಿಸಲಿಲ್ಲವೆಂದು, ಗೇಟು ಹಾಕಲಿಲ್ಲವೆಂದು, ಮೇಲೆ ಒಣಹಾಕಿದ ಬಟ್ಟೆಯ ನೀರು ಇಡೀ ಅಂಗಳ ಬಿಟ್ಟು ತಮ್ಮ ಬೋಳುತಲೆಯನ್ನೇ ಹುಡುಕಿಕೊಂಡು ಬಂತೆಂದು. ಮಹಡಿಯಿಂದ ಒಂದು ಹೂಂ ಇಲ್ಲ, ಒಂದು ಊಹೂಂ ಇಲ್ಲ. ಬರುತ್ತಿದ್ದದ್ದು ಟೈಪ್‌ರೈಟರಿನ ಟಕಟಕ ಮಾತ್ರ. ಅದು ಕಿವುಡಲ್ಲ, ಹಗೆ ಎಂದು ಗೊತ್ತಾಗಬೇಕಾದರೆ ಆ ಬೀದಿಯಲ್ಲಿ ಒಂದಷ್ಟು ಕಾಲ ಬಾಡಿಗೆಗಿರಬೇಕು.

ನಿಜಕ್ಕೂ ಅವಳಷ್ಟು ಚುರುಕು ಕಿವಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಕಿವಿಯೇ ಅವಳ ಅನ್ನ. ದೊಡ್ಡ ವಕೀಲರ ಕಚೇರಿಯೊಂದರಲ್ಲಿ ಅವಳು ಟೈಪಿಸ್ಟು, ಅಲ್ಲಿ ಮುಗಿಯದ್ದನ್ನು ಮನೆಗೂ ತರುತ್ತಿದ್ದಳು. ವಕೀಲರು ಟೇಪಿನೊಳಗೆ ಗೊಣಗಿದ್ದನ್ನು, ನುಂಗಿದ್ದನ್ನು, ಬಾಯಿತುಂಬ ತಿಂಡಿ ಇಟ್ಟುಕೊಂಡು ಹೇಳಿದ್ದನ್ನು ಕೇಳಿ ತಪ್ಪಿಲ್ಲದೆ ಕಾಗದಕ್ಕಿಳಿಸುವುದು ಅವಳ ಕಸುಬು. "ಬರೀ ಕೆಮ್ಮು ಕೇಳಿಸಿ, ಯಾವ ವಕೀಲರು ಅಂತ ಹೇಳ್ತೀನಿ" ಎನ್ನುವುದು ಅವಳ ಜಂಬ. ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಆದರೆ ಜಂಬಕ್ಕೆ ಒಂದು ಕೆಟ್ಟ ಗುಣವಿದೆ, ನಿಜವಾದಷ್ಟೂ ಕೊಬ್ಬುತ್ತದೆ.

ಅಣ್ಣನನ್ನು ಬೀದಿಯವರು ಅಧ್ಯಕ್ಷರು ಎನ್ನುತ್ತಿದ್ದರು. ಅವರು ಎಂದೂ ಯಾವುದಕ್ಕೂ ಅಧ್ಯಕ್ಷರಾಗಿರಲಿಲ್ಲ. ಆಗುವವರಿದ್ದರು. ನಿವೃತ್ತಿಯಾದಂದಿನಿಂದ ಬಡಾವಣೆಯ ಸಂಘದವರು ಇವತ್ತು ಫೋನ್ ಮಾಡುತ್ತಾರೆ, ನಾಳೆ ಮಾಡುತ್ತಾರೆ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಫೋನಿಗೆ ಹೆಣೆದ ಬಟ್ಟೆಯ ಮುಸುಕು. ಅದರ ಡಯಲ್ಲಿಗೆ ಪುಟ್ಟದೊಂದು ಬೀಗ, ಬೀಗದ ಕೈ ಅವರ ಅಂಗಿಯ ಜೇಬಿನಲ್ಲಿ. ಹೆಂಡತಿ ತನ್ನ ತಂಗಿಗೆ ಫೋನ್ ಮಾಡಬೇಕಾದರೂ ಮೊದಲು ಏನು ವಿಷಯ ಎಂದು ಅರಿಕೆ ಮಾಡಿಕೊಳ್ಳಬೇಕಿತ್ತು.

ಜಗಳ ಹುಟ್ಟಿದ್ದೇ ಫೋನಿನಿಂದ. ಅಪ್ಪ ಮಹಡಿಯ ಕೋಣೆಯಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಅವರಿಗೆ ಅನುಕೂಲವಾಗಲೆಂದು ಕೆಳಗಿನ ಫೋನಿನಿಂದಲೇ ಒಂದು ತಂತಿ ಮೇಲಕ್ಕೆಳೆದು ಇನ್ನೊಂದು ಫೋನ್ ಇಟ್ಟಿದ್ದರು. ಅಪ್ಪ ತೀರಿಕೊಂಡ ಮರುವಾರವೇ ಅಧ್ಯಕ್ಷರು ಮೆಟ್ಟಿಲು ಹತ್ತಿ ಬಂದು, "ಇನ್ನು ಇಲ್ಲಿ ಯಾರಿಗೆ ಬೇಕು ಇದು?" ಎಂದು ಆ ಫೋನನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದುಹೋದರು. ಅಪ್ಪನ ಶುಶ್ರೂಷೆ ಮಾಡಿ ದಣಿದಿದ್ದ ತಂಗಿ ಅಂದಿನಿಂದ ಮಾತು ಬಿಟ್ಟಳು. ಆಮೇಲೆ ಅಣ್ಣತಂಗಿ ಏನಿದ್ದರೂ ಗೋಡೆಗೆ, ಗೇಟಿಗೆ, ಮೋಟಾರಿಗೆ ಹೇಳುವ ಹಾಗೆ ಹೇಳಿಕೊಳ್ಳುತ್ತಿದ್ದರು. ಫೋನ್ ಹೋಯಿತು, ತಂತಿ ಮಾತ್ರ ಗೋಡೆಯ ಮೇಲೆಯೇ ಉಳಿಯಿತು. ಅಧ್ಯಕ್ಷರಿಗೆ ಅದರ ನೆನಪಿರಲಿಲ್ಲ.

ಹೀಗಿರುವಾಗ ಕಚೇರಿಯಲ್ಲಿ ಹಳೆಯ ವಕೀಲರ ಕುರ್ಚಿಗೆ ಅವರ ಸೊಸೆ ಬಂದಳು. ಬಂದವಳೇ ಟೈಪಿಂಗ್ ಕೋಣೆಯನ್ನು ಮುಚ್ಚುವುದೆಂದು ತೀರ್ಮಾನಿಸಿದಳು.

"ಟೇಪ್ ನಿಮ್ಮ ಮನೆಗೇ ಬರುತ್ತೆ ಮೇಡಂ. ಟೈಪ್ ಮಾಡಿದ್ದು ಇಂಟರ್ನೆಟ್‌ನಲ್ಲಿ ನಮಗೆ ಬರಬೇಕು. ಶನಿವಾರ ಆಫೀಸ್ ಮುಚ್ಚೋದರೊಳಗೆ ಒಂದು ಮಾದರಿ ಕಳಿಸಿ. ಬಂದ್ರೆ ಕೆಲಸ ನಿಮ್ದು."

"ಬರದೆ ಇದ್ರೆ?"

"ಬೇರೆಯವರು ಕೇಳ್ತಿದಾರೆ" ಎಂದು ವಕೀಲೆ ನಕ್ಕಳು. ಆ ನಗೆಯಲ್ಲಿ ಟಕಟಕಮ್ಮನಿಗೆ ಕಂಡದ್ದು ಅತ್ತಿಗೆಯ ಅಡುಗೆಮನೆ. ಕೆಲಸ ಹೋದರೆ ಕೆಳಗಿಳಿದು ಆ ಅಡುಗೆಮನೆಯ ಹೊಸಿಲಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಅತ್ತಿಗೆ ಅನ್ನ ಬಡಿಸುತ್ತಾಳೆ, ಖಂಡಿತ ಬಡಿಸುತ್ತಾಳೆ. ಬಡಿಸಿದ್ದನ್ನು ಬೀದಿಗೆಲ್ಲ ಹೇಳುತ್ತಾಳೆ. ಅದಕ್ಕಿಂತ ಉಪವಾಸ ಮೇಲು ಎಂದುಕೊಳ್ಳುತ್ತ ಟಕಟಕಮ್ಮ ಕಚೇರಿಯವರು ಮೂಲೆಗೆ ಎಸೆದಿದ್ದ ಒಂದು ಹಳೆಯ ಕಂಪ್ಯೂಟರನ್ನು ಕೇಳಿ ಪಡೆದು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಳು.

ಕಂಪ್ಯೂಟರ್ ರಿಪೇರಿಯವನು ಬಂದು ಅದರ ಮುಚ್ಚಳ ತೆಗೆದು, ಸತ್ತವರ ಮನೆಗೆ ಬಂದವನ ಹಾಗೆ ತಲೆ ಆಡಿಸಿದ.

"ಇದಕ್ಕೆ ಇಂಟರ್ನೆಟ್ಟಾ ಅಮ್ಮ? ಮುದುಕಿಗೆ ಜಡೆ ಹಾಕೋಕೆ ಕರೆದ ಹಾಗಾಯ್ತು."

"ಮುದುಕಿಗೆ ಕೂದಲಿದೆಯಲ್ಲ, ಹಾಕು" ಎಂದಳು ಟಕಟಕಮ್ಮ.

ಅವನು ಮೋಡೆಮ್ ಎಂಬ ಚಪ್ಪಟೆ ಪೆಟ್ಟಿಗೆಯನ್ನು ತೆಗೆದು, ಒಂದು ತುದಿಯನ್ನು ಕಂಪ್ಯೂಟರಿಗೂ ಇನ್ನೊಂದನ್ನು ಗೋಡೆಯ ಮೇಲೆ ಅನಾಥವಾಗಿದ್ದ ತಂತಿಗೂ ಕೂಡಿಸಿದ. ಕಂಪ್ಯೂಟರು ಈ ಪೆಟ್ಟಿಗೆಯ ಮೂಲಕ ತಾನೇ ಫೋನ್ ಮಾಡುತ್ತದೆ, ಆಚೆ ಕಡೆಯ ಕಂಪ್ಯೂಟರು ಎತ್ತುತ್ತದೆ, ಎರಡೂ ಒಂದಿಷ್ಟು ಕಿರುಚಾಡಿಕೊಂಡು ಒಪ್ಪಂದಕ್ಕೆ ಬರುತ್ತವೆ ಎಂದು ವಿವರಿಸಿದ. ಪತ್ರ ಹೋದ ಕೂಡಲೇ ಯಂತ್ರ ತಾನಾಗಿ ಲೈನ್ ಬಿಡುವಂತೆಯೂ ಮಾಡಿದ. "ಒಂದೇ ಮಾತು ನೆನಪಿಟ್ಕೊಳ್ಳಿ. ಇದು ಮಾತಾಡುವಾಗ ಕೆಳಗೆ ಯಾರೂ ಫೋನ್ ಎತ್ತಬಾರ್ದು. ಎತ್ತಿದ್ರೆ ಕಟ್."

ಇನ್ನು ನಂಬರನ್ನು ಒತ್ತಬೇಕು. ರಿಪೇರಿಯವನು ಎರಡು ತೋರುಬೆರಳು ಚಾಚಿ ಕೋಳಿ ಕಾಳು ಹೆಕ್ಕುವ ಹಾಗೆ ಶುರುಮಾಡಿದ್ದೇ ಟಕಟಕಮ್ಮ ಅವನ ಕುರ್ಚಿಯನ್ನು ಹಿಂದಕ್ಕೆಳೆದಳು. ಎರಡು ಬೆರಳಲ್ಲಿ ಕೀಲಿ ಕುಟ್ಟುವವರನ್ನು ಕಂಡರೆ ಅವಳಿಗೆ ಆಗದು.

"ನೀನು ಹೇಳು. ನಾನು ಹೊಡೀತೀನಿ."

ಅವನು ಕಿಟಕಿಯಾಚೆ ನೋಡುತ್ತ ಹೇಳಿದ: "ಒಂದು, ಏಳು, ಎರಡು..." ಅವಳ ಬೆರಳು ಅವನ ಬಾಯಿಗಿಂತ ಮುಂದಿತ್ತು. ಆಮೇಲೆ ಪಾಸ್‌ವರ್ಡ್ ಎಂಬ ಗುಟ್ಟಿನ ಪದ ಹೇಳಿದ, ಅದನ್ನೂ ಹೊಡೆದಳು. ಅಷ್ಟರಲ್ಲಿ ಕೆಳಗೆ ಅಧ್ಯಕ್ಷರು ಯಾರದೋ ಜೊತೆ ಫೋನಿನಲ್ಲಿ ಬಡಾವಣೆಯ ಭವಿಷ್ಯ ಕುರಿತು ಮಾತಿಗೆ ಕೂತಿದ್ದರಿಂದ ಪರೀಕ್ಷೆ ಮಾಡಿ ನೋಡಲಾಗಲಿಲ್ಲ. "ಅವರು ಬಿಟ್ಟ ಮೇಲೆ ಇಲ್ಲಿ ಒತ್ತಿ, ಅಷ್ಟೇ" ಎಂದು ಹೇಳಿ ರಿಪೇರಿಯವನು ಹೊರಟುಹೋದ.

ಅವರು ಬಿಟ್ಟ ಮೇಲೆ ಅವಳು ಒತ್ತಿದಳು. ಪೆಟ್ಟಿಗೆ ಟಕಟಕ ಎಂದು ನಂಬರು ತಿರುಗಿಸಿತು. ಎಲ್ಲೋ ಗಂಟೆ ಬಾರಿಸಿತು. ಆಮೇಲೆ ಪೆಟ್ಟಿಗೆಯೊಳಗಿಂದ, ಡಬ್ಬದಲ್ಲಿ ಕೂಡಿಹಾಕಿದವನಂತೆ, ಒಬ್ಬ ಗಂಡಸು ಗುಡುಗಿದ:

"ಹಲೋ. ಯಾರು? ಯಾರ್ರೀ ಅದು? ಬಾಯಿ ಬಿಟ್ಟು ಮಾತಾಡಿ."

ಸ್ವಲ್ಪ ಹೊತ್ತಿನಲ್ಲಿ ಲೈನ್ ಕಡಿಯಿತು. ಸಂಪರ್ಕ ಸಿಗಲಿಲ್ಲ ಎಂದು ಪರದೆಯ ಮೇಲೆ ಬಂತು.

ಟಕಟಕಮ್ಮನ ಕಿವಿಗೆ ಸಂಶಯವೇ ಇರಲಿಲ್ಲ. ಆ ದರ್ಪ, ಆ "ಯಾರ್ರೀ", ಉಸಿರಿನ ಕೊನೆಗೆ ಬರುವ ಆ ಗೊರಗೊರ. ಹುಟ್ಟಿದಂದಿನಿಂದ ಕೇಳಿದ ದನಿ. ಕೆಳಗೆ ಅಣ್ಣ ಫೋನೆತ್ತಿ ಬೇಕೆಂದೇ ಕಡಿಯುತ್ತಿದ್ದಾನೆ. ಮತ್ತೆ ಒತ್ತಿದಳು. ಮತ್ತೆ ಅದೇ ದನಿ: "ಮಾನ ಮರ್ಯಾದೆ ಇದೆಯಾ ನಿಮಗೆ?" ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಮ್ಮೆ ಮಾತ್ರ ದನಿ ಬದಲಾಯಿಸಿ, "ಮನೇಲಿ ಬೇರೆ ಕೆಲಸ ಇಲ್ವೇನಮ್ಮ?" ಎಂದಿತು. ಆ "ಅಮ್ಮ" ಅವಳ ಎದೆಗೆ ನಾಟಿತು. ಮೇಲಿರುವವಳು ನಾನೇ ಎಂದು ಗೊತ್ತಿದ್ದೂ ಹೀಗಂದನಲ್ಲ.

ಗುರುವಾರ ಅವಳು ಮೆಟ್ಟಿಲ ಅರ್ಧಕ್ಕೆ ಇಳಿದು, ಎಷ್ಟೋ ವರ್ಷದ ಮೇಲೆ ಅಣ್ಣನ ಮುಖಕ್ಕೇ ನೇರವಾಗಿ ಮಾತಾಡಿದಳು.

"ಅಣ್ಣ ಅಂತ ಕರೆಯೋಕೆ ನಾಚಿಕೆಯಾಗುತ್ತೆ. ನನ್ನ ಅನ್ನ ಕಿತ್ಕೊಂಡು ನಿನಗೇನು ಹೊಟ್ಟೆ ತುಂಬುತ್ತಾ?"

ಅಧ್ಯಕ್ಷರು ಪತ್ರಿಕೆ ಇಳಿಸಿ ಹೆಂಡತಿಯ ಕಡೆ ನೋಡಿದರು. "ಇದು ಯಾರಿಗೆ ಹೇಳ್ತಿರೋದು? ನನಗಾ, ಗೋಡೆಗಾ?"

"ನಿನಗೇ. ನಾನು ಲೈನ್ ತಗೊಂಡಾಗಲೆಲ್ಲ ಫೋನೆತ್ತಿ ಕೂಗ್ತೀಯಲ್ಲ."

"ಯಾವ ಲೈನು? ನಿನ್ನ ಹತ್ರ ಫೋನೇ ಇಲ್ಲ. ಇಲ್ಲಿರೋದಕ್ಕೆ ಬೀಗ ಇದೆ. ಬೀಗದ ಕೈ ನನ್ನ ಜೇಬಲ್ಲಿದೆ." ಅವರು ಜೇಬು ತಟ್ಟಿ ತೋರಿಸಿದರು. "ಕಂಪ್ಯೂಟರ್ ಬಂತು ಅಂತ ತಲೆ ತಿರುಗಿದೆ ಇವಳಿಗೆ."

"ಗೋಡೆ ಮೇಲಿನ ತಂತಿಗೆ ಬೀಗ ಹಾಕೋದು ಮರೆತೆ ನೀನು."

ಅಧ್ಯಕ್ಷರು ಗೋಡೆಯ ಉದ್ದಕ್ಕೂ ಕಣ್ಣಾಡಿಸಿ, ಮೇಲಕ್ಕೆ ಹೋಗಿದ್ದ ತಂತಿಯನ್ನು ಅಂದು ಮೊದಲ ಬಾರಿಗೆ ಕಂಡವರಂತೆ ಕಂಡರು. ಮುಖ ಕೆಂಪಾಯಿತು. "ಓಹೋ. ಕಳ್ಳಗಂಡಿಯಿಂದ ನುಗ್ಗಿದೀಯಾ? ಕಿತ್ತು ಹಾಕ್ತೀನಿ ನೋಡ್ತಿರು."

"ಕೀಳು. ಫೋನು ಇನ್ನೂ ಅಪ್ಪನ ಹೆಸರಲ್ಲಿದೆ. ಕಿತ್ತ ಮೇಲೆ ವಕೀಲರ ಕಾಗದ ಬರುತ್ತೆ, ಅದನ್ನ ಟೈಪ್ ಮಾಡೋಳೂ ನಾನೇ."

ಅತ್ತಿಗೆ ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತದೆ ಹೇಳಿದಳು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಯಂತ್ರ ನಡೆಸೋಕೆ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅನ್ನಮ್ಮ, ಅವರ ಮೇಲೆ ಯಾಕೆ ಹಾಕ್ತೀಯ? ಕೆಲಸ ಹೋದ್ರೆ ಹೋಗ್ಲಿ ಬಿಡು. ಇಬ್ಬರಿಗೆ ಬೇಯಿಸೋಳಿಗೆ ಮೂರನೆಯವಳು ಭಾರವಾ?"

ಆ ಕೊನೆಯ ಮಾತು ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಟಕಟಕಮ್ಮ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿದ ಸದ್ದಿಗೆ ಎದುರು ಮನೆಯ ನಾಯಿ ಬೊಗಳಿತು.

ಶನಿವಾರ ಬಂತು. ಕಚೇರಿ ಮುಚ್ಚುವುದು ಮಧ್ಯಾಹ್ನಕ್ಕೆ. ಮಾದರಿಯ ಪುಟಗಳು ಅಲ್ಪವಿರಾಮವೂ ಬಿಡದೆ ಸಿದ್ಧವಾಗಿ ಯಂತ್ರದೊಳಗೆ ಕೂತಿದ್ದವು. ಅವಳು ಹಲ್ಲು ಕಚ್ಚಿಕೊಂಡು ಒತ್ತಿದಳು. ಟಕಟಕ ಆಯಿತು, ಗಂಟೆ ಬಾರಿಸಿತು.

"ಹಲೋ" ಎಂದಿತು ಡಬ್ಬದ ದನಿ. "ಮತ್ತೆ ನೀವೇನಾ?"

ಅಷ್ಟರಲ್ಲಿ ಇನ್ಯಾರೋ ಫೋನೆತ್ತಿದಂತೆ ಕಟಕ್ ಎಂಬ ಸದ್ದು. ಅದೇ ಡಬ್ಬದೊಳಗಿಂದ ಎರಡನೆಯ ದನಿ ಬಂತು: "ಹಲೋ, ಯಾರು? ಸಂಘದವರಾ?"

ಟಕಟಕಮ್ಮನ ಕೈ ಕೀಲಿಯ ಮೇಲೆ ಹಾಗೇ ನಿಂತಿತು.

"ಯಾವ ಸಂಘಾರೀ? ವಾರದಿಂದ ಫೋನ್ ಮಾಡಿ ಬಾಯಿ ಮುಚ್ಕೊಂಡಿರೋ ಪುಣ್ಯಾತ್ಮರು ನೀವೇನಾ?"

"ನಾನ್ಯಾಕ್ರೀ ಮಾಡ್ಲಿ? ನನ್ನ ಫೋನಿಗೆ ಬೀಗ ಇದೆ."

"ಫೋನಿಗೆ ಹಾಕೋರು ಬಾಯಿಗೂ ಒಂದು ಹಾಕ್ಕೊಳ್ರಿ."

"ಯಾರ ಹತ್ರ ಮಾತಾಡ್ತಿದೀರಿ ಗೊತ್ತಾ?"

"ಗೊತ್ತಿದ್ರೆ ಯಾಕೆ ಕೇಳ್ತಿದ್ದೆ?"

ಅಣ್ಣ ಎಷ್ಟು ದೊಡ್ಡ ಮನುಷ್ಯನಾದರೂ ಒಂದೇ ಬಾಯಲ್ಲಿ ಇಬ್ಬರಾಗಲಾರ. ಎರಡನೆಯ ದನಿ ಪೆಟ್ಟಿಗೆಯಿಂದಲೂ ಬರುತ್ತಿತ್ತು, ನೆಲದಡಿಯಿಂದಲೂ ಕೇಳುತ್ತಿತ್ತು. ಸಂಘದವರ ಫೋನಿಗೆ ಕಾದು ಸಾಕಾಗಿ, ಲೈನ್ ಸರಿಯಿದೆಯೇ ಎಂದು ಎತ್ತಿ ನೋಡಿದ ಅಣ್ಣನದು ಅದು. ಮೊದಲನೆಯದು ಪೆಟ್ಟಿಗೆಯಿಂದ ಮಾತ್ರ. ಕೆಮ್ಮು ಕೇಳಿ ವಕೀಲರನ್ನು ಗುರುತಿಸುವವಳು ಯಾರೋ ಅಪರಿಚಿತನ ದನಿಯನ್ನು ವಾರವಿಡೀ ಒಡಹುಟ್ಟಿದವನದೆಂದು ಬೈದುಕೊಂಡಿದ್ದಳು. ಅಧ್ಯಕ್ಷರಾಗಬೇಕೆಂದಿರುವ ಗಂಡಸರು ಊರಿಗೆ ಒಬ್ಬರೇ ಅಲ್ಲ, ಡಬ್ಬದೊಳಗೆ ಹಾಕಿದರೆ ಎಲ್ಲರೂ ಒಂದೇ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ನಾಚಿಕೆಪಡಲು ಪುರಸೊತ್ತಿರಲಿಲ್ಲ. ಹಾಗಾದರೆ ಈ ಯಂತ್ರ ದಿನವೂ ಒಂದೇ ತಪ್ಪು ಮನೆಗೆ ಯಾಕೆ ಹೋಗುತ್ತಿದೆ? ಇನ್ನೊಮ್ಮೆ ನೋಡೋಣವೆಂದರೆ ಇಬ್ಬರು ಗಂಡಸರೂ ಲೈನ್ ಬಿಡುವಂತಿಲ್ಲ. ಮೊದಲು ಯಾರು ಇಟ್ಟರೆ ಅವರು ಸೋತಂತೆ. ಸಭ್ಯತೆ ಎಂದರೇನು ಎಂಬ ವಿಚಾರವಾಗಿ ಅತ್ಯಂತ ಅಸಭ್ಯವಾಗಿ ಬಹಳ ಹೊತ್ತು ಚರ್ಚಿಸಿ, ಕೊನೆಗೆ ಇಬ್ಬರೂ ಒಟ್ಟಿಗೇ ಫೋನು ಕುಕ್ಕಿದರು. ಗಡಿಯಾರದ ದೊಡ್ಡ ಮುಳ್ಳು ಅಷ್ಟರಲ್ಲಿ ಅರ್ಧ ಸುತ್ತು ಮುಗಿಸಿತ್ತು.

ಅವಳು ಮತ್ತೆ ಒತ್ತಿದಳು. ಈ ಸಲ ಕಣ್ಣು ಮುಚ್ಚಿ, ಟೇಪ್ ಕೇಳುವ ಹಾಗೆ ಕೇಳಿದಳು. ಆ ಹಳೆಯ ಲೈನಿನಲ್ಲಿ ಒಂದು ಎಂಬ ಅಂಕಿಗೆ ಒಂದು ಟಕ, ಏಳಕ್ಕೆ ಏಳು ಟಕ. ಶುರುವಿಗೆ ಒಂದೇ ಒಂದು ಟಕ ಬರಬೇಕು. ಬರಲಿಲ್ಲ. ನೇರವಾಗಿ ಏಳು ಟಕಟಕವೆಂದಿತು. ಮೊದಲ ಒಂದನ್ನು ಯಂತ್ರ ನುಂಗುತ್ತಿತ್ತು. ಇಂಟರ್ನೆಟ್ಟಿನ ನಂಬರಿಗೆ ಮನೆಗಳ ನಂಬರಿಗಿಂತ ಒಂದಂಕಿ ಹೆಚ್ಚು. ಮುಂದಿನ ಒಂದನ್ನು ಬಿಟ್ಟರೆ ಉಳಿದದ್ದು ಯಾವನೋ ಬಡಪಾಯಿಯ ಮನೆಯ ನಂಬರು. ಗಂಟೆ ಬಾರಿಸುವ ಮುಂಚೆ ಲೈನ್ ಕಡಿದು, ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. ಒಂದು ಅಲ್ಲಿಯೇ ಇತ್ತು. ಆದರೆ ಸ್ವಲ್ಪ ಉದ್ದಕ್ಕಿತ್ತು. ಅದಕ್ಕೆ ಮೂಗಿರಲಿಲ್ಲ.

ಅವಳು ಕೆಲಸ ಕಲಿತ ಟೈಪ್‌ರೈಟರಿನಲ್ಲಿ ಒಂದರ ಕೀಲಿಯೇ ಇರಲಿಲ್ಲ. ಎರಡರಿಂದ ಶುರು. ಒಂದು ಬೇಕಾದರೆ ಇಂಗ್ಲಿಷಿನ ಚಿಕ್ಕ ಎಲ್ ಅಕ್ಷರ ಒತ್ತಬೇಕು. ಕಾಗದದ ಮೇಲೆ ಎರಡೂ ಒಂದೇ ಗೆರೆ. ಯಾವ ನ್ಯಾಯಾಧೀಶರೂ ಇದುವರೆಗೆ ವ್ಯತ್ಯಾಸ ಕೇಳಿರಲಿಲ್ಲ. ರಿಪೇರಿಯವನು "ಒಂದು" ಎಂದಾಗ ಅವಳ ಬಲಗೈಯ ಉಂಗುರದ ಬೆರಳು, ಯಜಮಾನಿಯನ್ನು ಒಂದು ಮಾತೂ ಕೇಳದೆ, ಎಲ್ ಒತ್ತಿತ್ತು. ಯಂತ್ರಕ್ಕೆ ಅಂಕಿ ತಿರುಗಿಸಲು ಗೊತ್ತು, ಅಕ್ಷರ ತಿರುಗಿಸಲು ಗೊತ್ತಿಲ್ಲ. ಬಿಟ್ಟು ಮುಂದೆ ಹೋಗಿತ್ತು. ಗುಟ್ಟಿನ ಪದದ ಕೊನೆಯಲ್ಲೂ ಒಂದಿತ್ತು, ಅಲ್ಲೂ ಎಲ್ ಕೂತಿತ್ತು. ಮೇಲಿನ ಸಾಲಿನ ತುದಿಯಲ್ಲಿ ಒಂದರ ಕೀಲಿ ಹೊಚ್ಚ ಹೊಸದಾಗಿ ಕಾಯುತ್ತಿತ್ತು. ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ.

ಎರಡೂ ಕಡೆ ತಿದ್ದಿ ಒತ್ತಿದಳು. ಮೊದಲು ಒಂದೇ ಒಂದು ಟಕ. ಆಮೇಲೆ ಉಳಿದದ್ದು. ಆಮೇಲೆ ಯಾರೋ ಕಬ್ಬಿಣದ ಪೆಟ್ಟಿಗೆಯನ್ನು ಕಲ್ಲಿನ ನೆಲದ ಮೇಲೆ ಎಳೆದಾಡಿದಂಥ ಕಿರುಚಾಟ, ನಂತರ ನಿಶ್ಶಬ್ದ. ಸಂಪರ್ಕ ಸಿಕ್ಕಿದೆ ಎಂದಿತು ಪರದೆ. ಪತ್ರ ಹೊರಟಿತು. ಹೊರಟಿತೆಂದರೆ, ಮಂಡಿನೋವಿನವರು ಮೆಟ್ಟಿಲು ಹತ್ತುವ ಹಾಗೆ ಹೊರಟಿತು.

ಆಗ ಕೆಳಗೆ ಕುರ್ಚಿ ಎಳೆದ ಸದ್ದಾಯಿತು. ಫೋನಿನ ಕಡೆಗೆ.

ಟಕಟಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದ ರಭಸಕ್ಕೆ ಅತ್ತಿಗೆ ಗೋಡೆಗೆ ಒತ್ತಿ ನಿಂತಳು. ಅಧ್ಯಕ್ಷರು ಮುಸುಕು ತೆಗೆದು ಕೈ ಚಾಚಿದ್ದರು. ಅವಳು ಫೋನಿನ ಮೇಲೆ ಅಂಗೈ ಊರಿ, ಅವರ ಕುರ್ಚಿಯಲ್ಲೇ ಕೂತುಬಿಟ್ಟಳು.

"ಕೈ ತೆಗಿ" ಎಂದರು ಅಧ್ಯಕ್ಷರು. "ಸಂಘದವರು ಮಾಡೋ ಹೊತ್ತು. ಆ ಯಾವನೋ ಅಯೋಗ್ಯ ಇಷ್ಟೊತ್ತು ಲೈನ್ ತಿಂದ."

"ಮಾಡ್ಲಿ. ಸ್ವಲ್ಪ ಹೊತ್ತು ಎತ್ತೋ ಹಾಗಿಲ್ಲ."

"ನನ್ನ ಮನೇಲಿ ನನಗೇ ಹೇಳ್ತೀಯಾ?"

"ಕೆಳಗಿನ ಮನೆ ನಿಂದು. ಲೈನು ಇಬ್ಬರದೂ."

"ನಾಲ್ಕು ಜನಕ್ಕೆ ಕೇಳೋ ಹಾಗೆ ಬೈದೆಯಲ್ಲ, ನಾನು ಕಡೀತೀನಿ ಅಂತ. ಈಗ ಹೇಗೆ ಸಿಕ್ತು ಲೈನು?"

ಸುಳ್ಳು ಹೇಳಬಹುದಿತ್ತು. ಸುಳ್ಳನ್ನು ದಿನವೂ ಟೈಪ್ ಮಾಡುವವಳಿಗೆ ಹೇಳಲು ಬೇಸರವಾಯಿತು.

"ಬೆರಳು ತಪ್ಪಿತ್ತು."

"ಅಂದ್ರೆ ತಪ್ಪು ನಿಂದು."

"ಬೆರಳಿಂದು."

ಅಧ್ಯಕ್ಷರು ಹೆಂಡತಿಯ ಕಡೆ ತಿರುಗಿ ಎರಡು ಕೈಯನ್ನೂ ಚಾಚಿದರು, ತುಂಬಿದ ಸಭೆಗೆ ತೋರಿಸುವ ಹಾಗೆ. "ಕೇಳಿದೆಯಾ? ಒಪ್ಕೊಂಡ್ಲು. ಕ್ಷಮೆ ಕೇಳ್ಬೇಕು ಈಗ. ಕೇಳೋವರೆಗೂ ಬಿಡಲ್ಲ ನಾನು."

"ನೀನು ಅಪ್ಪನ ಕೋಣೆಯಿಂದ ಎತ್ಕೊಂಡು ಬಂದ ಫೋನು ಎಲ್ಲಿದೆ?"

ಅತ್ತಿಗೆ ಬಚ್ಚಲ ಕಡೆಗೆ ನೋಡಿದಳು. ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು, ಒಲೆಯ ಸೌದೆಯ ಹಿಂದೆ, ಒಡೆದು.

"ಅದನ್ನ ತಂದು ಇಲ್ಲಿಡು. ಆಮೇಲೆ ಕ್ಷಮೆ ಕೇಳೋಣ, ಇಬ್ಬರೂ" ಎಂದಳು ಟಕಟಕಮ್ಮ.

ಅಧ್ಯಕ್ಷರು ಕುರ್ಚಿ ಕಳೆದುಕೊಂಡು ನಿಂತೇ ಇದ್ದರು. ಅತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದಕ್ಕೊಂದು ಜಗಳ ಹಚ್ಚಿದಂತೆ ಇಡತೊಡಗಿದಳು. ಮೇಲೆ ಪತ್ರ ಎಲ್ಲಿಗೆ ಬಂತೋ, ಅರ್ಧಕ್ಕೆ ನಿಂತಿತೋ ಇಲ್ಲಿಂದ ತಿಳಿಯುವಂತಿರಲಿಲ್ಲ.

ಫೋನ್ ಹೊಡೆದುಕೊಂಡಿತು. ಹೊಡೆದುಕೊಂಡಿತೆಂದರೆ ಮೇಲಿನ ಯಂತ್ರ ಲೈನ್ ಬಿಟ್ಟಿದೆ. ಕಳಿಸಿ ಬಿಟ್ಟಿತೋ, ಕಳಿಸದೆಯೋ ಯಾರಿಗೆ ಗೊತ್ತು? ಅವಳು ಕೈ ತೆಗೆದಳು. ಅಧ್ಯಕ್ಷರು ಅಂಗಿಯ ಕಾಲರು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದರು.

"ಹಲೋ... ಹೌದು, ಹೇಳಿ. ನಾನೇ, ನಾನೇ. ಒಪ್ಪಿಗೆ ಇದೆ..." ಅಷ್ಟರಲ್ಲಿ ಅವರ ಮುಖ ಗಾಳಿ ಬಿಟ್ಟ ಟ್ಯೂಬಿನಂತಾಯಿತು. ಫೋನನ್ನು ತಂಗಿಯ ಕಡೆ ಚಾಚಿದರು. "ನಿನಗಂತೆ."

ವಕೀಲೆ ಹೆಚ್ಚು ಮಾತಾಡಲಿಲ್ಲ. ಪತ್ರ ಬಂದಿದೆ, ಪೂರ್ತಿ ಬಂದಿದೆ, ಸೋಮವಾರದಿಂದ ಟೇಪುಗಳು ಮನೆಗೆ ಬರುತ್ತವೆ. "ಸರಿ" ಎಂದು ಟಕಟಕಮ್ಮ ಫೋನಿಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ಎದ್ದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು.

ಅಧ್ಯಕ್ಷರು ತಮ್ಮ ಕುರ್ಚಿಯಲ್ಲಿ ಕೂತು, ಮುಸುಕನ್ನು ಫೋನಿಗೆ ಹೊದಿಸಿ, ತಂತಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಒಂದು ಅಳುಕು ಅವರನ್ನು ಕೊರೆಯುತ್ತಿತ್ತು. ಅವಳು ಮೆಟ್ಟಿಲಿಗೆ ಕಾಲಿಟ್ಟಾಗ ಕೇಳಿಯೇಬಿಟ್ಟರು.

"ಅಲ್ಲ, ನಿನ್ನ ಕಾಗದ ಇದೇ ತಂತಿಯಲ್ಲಿ ಹೋಗುವಾಗ ನಾನಿಲ್ಲಿ ಮಾತಾಡಿದ್ದೂ ಅದರ ಜೊತೆ ಸೇರಿ ಆ ವಕೀಲರಿಗೆ ಹೋಗಿರುತ್ತಾ?"

ಟಕಟಕಮ್ಮ ತಿರುಗಿ ನೋಡದೆ ಹತ್ತುತ್ತಲೇ ಹೇಳಿದಳು.

"ಹೋಗಿದ್ರೆ ಇಷ್ಟೊತ್ತಿಗೆ ವಾಪಸ್ ಕಳಿಸಿರೋರು."